ಕಾಫಿ ಕಣಕ್ಕೊಂದು ಕಾಗದದ ಗುಡಿಸಲು

ಮೂಡಿಗೆರೆ ಕಡೆ ಕಾಫಿ ಒಣಗಿಸುವಾಗ ಕಣ ಕಾಯುವವರಿಗೆ ಇಬ್ಬನಿ ತಡೆಯುವ ಸೂರು ಬೇಕೇ ಬೇಕು. ಅದನ್ನು ನಾನು ಜಪಾನಿನ ವಾಸ್ತುಶಿಲ್ಪಿ ಶಿಗೇರು ಬಾನ್ ಅವರ ಕ್ರಮದಲ್ಲಿ ಕಟ್ಟುತ್ತೇನೆ. 1995ರ ಕೋಬೆ ಭೂಕಂಪದಲ್ಲಿ ಮನೆ ಕಳೆದುಕೊಂಡವರಿಗೆ ಅವರು ಕಾಗದದ ಕೊಳವೆಗಳ ಗೋಡೆ ಎಬ್ಬಿಸಿದರು. ಬಿಯರ್ ಕ್ರೇಟುಗಳಲ್ಲಿ ಮರಳು ತುಂಬಿದ್ದೇ ಅಡಿಪಾಯ. ಭುಜ್ ಭೂಕಂಪದ ನಂತರ, 2001ರಲ್ಲಿ, ಅಲ್ಲಿ ಕ್ರೇಟು ಸಿಗದೆ ಬಿದ್ದ ಮನೆಗಳ ಕಲ್ಲುಮಣ್ಣನ್ನೇ ಬಳಸಿದರು. 2014ರಲ್ಲಿ ಅವರಿಗೆ ವಾಸ್ತುಶಿಲ್ಪದ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ಎಲ್ಲ ಕಳೆದುಕೊಂಡವರ ತಾತ್ಕಾಲಿಕ ಮನೆಯೂ ಚೆಂದವಿರಬೇಕೆಂದ ಆ ಮನಸ್ಸು ನನಗೆ ಪ್ರಶಸ್ತಿಗಿಂತ ದೊಡ್ಡದು.

ಫ್ಲೆಕ್ಸ್ ಅಂಗಡಿಯಲ್ಲಿ ರೋಲ್ ಮುಗಿದ ಮೇಲೆ ಉಳಿಯುವ ದಪ್ಪ ಕೊಳವೆಗಳನ್ನು ಕೇಳಿ ತನ್ನಿ. ಬೆರಳಿಂದ ಒತ್ತಿದರೆ ತಗ್ಗುವಂಥದ್ದು ಬೇಡ. ಒಳಗೂ ಹೊರಗೂ ಎರಡು ಸಲ ವಾರ್ನಿಶ್ ಬಳಿಯಿರಿ. ತುದಿಗಳಿಗೆ ಇನ್ನೊಂದು ಸಲ, ಯಾಕೆಂದರೆ ನೀರು ಮೊದಲು ಹೀರುವುದು ಅಲ್ಲೇ. ಮರಳು ಚೀಲ ತುಂಬಿದ ಕ್ರೇಟುಗಳನ್ನು ಮಟ್ಟವಾಗಿ ಜೋಡಿಸಿ, ಮೇಲೆ ಪ್ಲೈವುಡ್ ಹಾಸಿ, ಮರದ ಗೂಟ ಬಿಗಿದು ಕೊಳವೆ ಸಿಕ್ಕಿಸಿ. ಸಂದಿಗೆ ಸ್ಪಂಜಿನ ಪಟ್ಟಿ ಅಂಟಿಸಿ.

ಮಾಡಿಗೆ ಭುಜ್‌ನದೇ ವಿಧಾನ ನಮಗೆ ಒಗ್ಗುತ್ತದೆ: ಸೀಳಿದ ಬಿದಿರು ಬಗ್ಗಿಸಿ ಕಮಾನು ಮಾಡಿ, ಮೇಲೊಂದು ಚಾಪೆ, ನಡುವೆ ಪ್ಲಾಸ್ಟಿಕ್ ಹಾಳೆ, ಮತ್ತೊಂದು ಚಾಪೆ. ಎರಡೂ ಕೊನೆಯಲ್ಲಿ ಗಾಳಿಗೆ ಕಿಂಡಿ ಬಿಡಿ. ನಾಲ್ಕೂ ಮೂಲೆಯಿಂದ ಹಗ್ಗ ಎಳೆದು ನೆಲಕ್ಕೆ ಕಟ್ಟಿ.

ಒಳಗೆ ಬೆಂಕಿ ಕಾಯಿಸಲು ಬಿಡಲೇಬೇಡಿ. ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆಗೆ ಮುಂಚೆ ಗುಡಿಸಲು ಬಿಚ್ಚಿ, ಕೊಳವೆಗಳನ್ನು ಅಟ್ಟದ ಮೇಲೆ ಮಲಗಿಸಿಡಿ.