ಹೊಸ ಸ್ನೋಮೊಬೈಲಿನ ಮೊದಲ ಸರ್ವಿಸ್: ಡುಲೂತ್ ಕಡೆಗೆ ಬಂದ ಕನ್ನಡಿಗರಿಗೆ

ಮಿನ್ನೆಸೋಟಾದ ಈ ಉತ್ತರ ಭಾಗಕ್ಕೆ ಬಂದು, ಒಂದೆರಡು ಚಳಿಗಾಲ ಕಳೆದ ಮೇಲೆ ಸ್ನೋಮೊಬೈಲ್ (ಮುಂದೆ ಸ್ಕೀಗಳು, ಹಿಂದೆ ಟ್ರ್ಯಾಕ್ ಎಂಬ ಅಗಲವಾದ ರಬ್ಬರ್ ಪಟ್ಟಿ ಇರುವ, ಹಿಮದ ಮೇಲೆ ಓಡುವ ಗಾಡಿ) ಕೊಂಡ ನಮ್ಮವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಯೊಂದಿದೆ. ಮೊದಲ ಸರ್ವಿಸನ್ನು ಡೀಲರ್ ಬಳಿಯೇ ಮಾಡಿಸಬೇಕೇ, ಮನೆಯ ಗ್ಯಾರೇಜಿನಲ್ಲೇ ಮಾಡಿಕೊಳ್ಳಬಹುದೇ? ಎರಡೂ ಸರಿಯಾದ ದಾರಿಗಳೇ. ತಪ್ಪಾದ ದಾರಿಯೆಂದರೆ ಅದನ್ನು ಮುಂದೂಡುವುದು, ಮತ್ತು ನಾನು ಮಾಡಿದ್ದು ಅದನ್ನೇ.

ನಮ್ಮ ಊರಿನಲ್ಲಿ ಹೊಸ ಬೈಕಿನ ಜೊತೆಗೆ ಫ್ರೀ ಸರ್ವಿಸ್ ಕೂಪನ್ನುಗಳು ಬರುತ್ತಿದ್ದವು. ತೇದಿ ಹತ್ತಿರವಾದಾಗ ಶೋರೂಮಿನವರೇ ನೆನಪಿಸುತ್ತಿದ್ದರು. ಇಲ್ಲಿಯೂ ಯಾರಾದರೂ ಕರೆಯುತ್ತಾರೆಂದು ನಾನು ಕಾದೆ. ಯಾರೂ ಕರೆಯಲಿಲ್ಲ. ಮೊದಲ ತಪಾಸಣೆಯನ್ನು 150ರಿಂದ 300 ಮೈಲಿಗಳೊಳಗೆ ಮಾಡಿಸಬೇಕೆಂದು ಹಲವು ಕಂಪನಿಗಳ ಕೈಪಿಡಿಗಳಲ್ಲಿ ಬರೆದಿರುತ್ತದೆ; ನಾನು ಕೈಪಿಡಿಯನ್ನು ತೆರೆಯುವ ಹೊತ್ತಿಗೆ ಗಾಡಿ 700 ಮೈಲಿ ಓಡಿತ್ತು. ಎಂಜಿನ್ನಿನ ಬಲವನ್ನು ಟ್ರ್ಯಾಕಿಗೆ ಒಯ್ಯುವ ಚೈನಿರುವ ಪೆಟ್ಟಿಗೆಯಿಂದ, ಅಂದರೆ ಚೈನ್‌ಕೇಸಿನಿಂದ, ಇಳಿಸಿದ ಎಣ್ಣೆ ಬೂದಿಯ ಬಣ್ಣಕ್ಕೆ ತಿರುಗಿತ್ತು, ಅಯಸ್ಕಾಂತವಿರುವ ಡ್ರೈನ್ ಪ್ಲಗ್ಗಿಗೆ ಲೋಹದ ಪುಡಿ ಕೆಸರಿನಂತೆ ಮೆತ್ತಿಕೊಂಡಿತ್ತು. ಹೊಸ ಹಲ್ಲುಚಕ್ರಗಳು ಮೊದಲ ಕೆಲವು ಗಂಟೆಗಳಲ್ಲಿ ಒಂದಕ್ಕೊಂದು ಹೊಂದಿಕೊಳ್ಳುವಾಗ ಪುಡಿ ಬೀಳುವುದು ಸಹಜ. ಆ ಪುಡಿ ಅಲ್ಲೇ ಉಳಿದು ಚೈನನ್ನೂ ಬೇರಿಂಗುಗಳನ್ನೂ ಸವೆಸುವುದನ್ನು ತಪ್ಪಿಸಲೆಂದೇ ಮೊದಲ ಎಣ್ಣೆಯನ್ನು ಬೇಗ ಬದಲಿಸಬೇಕು. ಪೋಲಾರಿಸ್ ಕಂಪನಿಯ ಕೆಲವು ಮಾದರಿಗಳಲ್ಲಿ ಚೈನಿನ ಬದಲು ಬೆಲ್ಟ್ ಇರುವುದರಿಂದ ಈ ಎಣ್ಣೆಯ ಕೆಲಸವಿರುವುದಿಲ್ಲ.



ಮನೆಯಲ್ಲೇ ಸರ್ವಿಸ್ ಮಾಡಿದರೆ ವಾರಂಟಿ ಹೋಗುತ್ತದೆಂಬ ಭಯ ಅನೇಕರಲ್ಲಿದೆ. ಅಮೆರಿಕದ 1975ರ ಮ್ಯಾಗ್ನಸನ್-ಮಾಸ್ ವಾರಂಟಿ ಕಾಯ್ದೆಯ ಪ್ರಕಾರ, ಹಣ ಕೊಟ್ಟು ಮಾಡಿಸಬೇಕಾದ ಸರ್ವಿಸನ್ನು ತಮ್ಮ ಡೀಲರ್ ಬಳಿಯೇ ಮಾಡಿಸಬೇಕೆಂದು ಕಂಪನಿ ಷರತ್ತು ಹಾಕುವಂತಿಲ್ಲ. ಆದರೆ ಕೆಲಸ ಮಾಡಿದ್ದಕ್ಕೆ ದಾಖಲೆ ನಿಮ್ಮಲ್ಲಿರಬೇಕು: ದಿನಾಂಕ, ಓಡಿದ ಮೈಲಿ, ಎಣ್ಣೆ ಮತ್ತು ಫಿಲ್ಟರ್ ಕೊಂಡ ರಸೀದಿ, ಸಾಧ್ಯವಾದರೆ ಫೋಟೋ. ಬೋಲ್ಟುಗಳನ್ನು ಹೇಳಿದಷ್ಟೇ ಬಿಗಿ ಮಾಡುವ ಟಾರ್ಕ್ ರೆಂಚ್ ಇಲ್ಲದವರು, ಅಥವಾ ಫೋರ್ ಸ್ಟ್ರೋಕ್ ಎಂಜಿನ್ನಿನ ಎಣ್ಣೆ ಬದಲಿಸಲು ಹಿಂಜರಿಯುವವರು ಡೀಲರ್ ಬಳಿ ಹೋಗುವುದೇ ಒಳ್ಳೆಯದು. ಗಾಡಿ ಕೊಂಡ ದಿನವೇ ಸರ್ವಿಸಿಗೂ ಸಮಯ ನಿಗದಿ ಮಾಡಿಕೊಳ್ಳಿ, ಏಕೆಂದರೆ ಹಿಮ ಬಿದ್ದ ಮೇಲೆ ವಾರಗಟ್ಟಲೆ ಕಾಯಬೇಕಾಗಬಹುದು.

ಸ್ವತಃ ಮಾಡುವವರು ಹೆಚ್ಚು ಗಮನ ಕೊಡಬೇಕಾದದ್ದು ಟ್ರ್ಯಾಕಿನ ಬಿಗಿತಕ್ಕೆ. ಹೊಸ ರಬ್ಬರ್ ಟ್ರ್ಯಾಕ್ ಮೊದಲ ಓಟಗಳಲ್ಲಿ ಹಿಗ್ಗುತ್ತದೆ. ಹಿಂಭಾಗವನ್ನು ಸ್ಟ್ಯಾಂಡಿನ ಮೇಲೆ ಎತ್ತಿ, ಕೈಪಿಡಿ ಹೇಳಿದ ತೂಕವನ್ನು (ಹಲವು ಪೋಲಾರಿಸ್ ಮಾದರಿಗಳಿಗೆ 10 ಪೌಂಡ್) ಅದು ತೋರಿಸಿದ ಜಾಗದಲ್ಲಿ ಟ್ರ್ಯಾಕಿಗೆ ತೂಗುಹಾಕಿ, ಟ್ರ್ಯಾಕ್ ಎಷ್ಟು ಜೋತುಬೀಳುತ್ತದೆಂದು ಅಳೆಯಬೇಕು. ಹೆಚ್ಚು ಬಿಗಿಯಾದರೆ ಟ್ರ್ಯಾಕ್ ಜಾರಿಕೊಂಡು ಸಾಗುವ ಪ್ಲಾಸ್ಟಿಕ್ ಸ್ಲೈಡುಗಳು ಸವೆಯುತ್ತವೆ. ಹೆಚ್ಚು ಸಡಿಲಾದರೆ ಟ್ರ್ಯಾಕ್ ಹಲ್ಲು ತಪ್ಪಿ ಜಿಗಿಯುತ್ತದೆ. ಟ್ರ್ಯಾಕ್ ಎಡಕ್ಕೆ ಸರಿಯುತ್ತಿದ್ದರೆ ಟ್ರ್ಯಾಕನ್ನು ಹೊಂದಿಸುವ ಎಡಗಡೆಯ ಬೋಲ್ಟನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಬೇಕು, ಬಲಕ್ಕಾದರೆ ಬಲಗಡೆಯದನ್ನು.

ಇದನ್ನೆಲ್ಲ ನಾನು ಸರಿಯಾಗಿಯೇ ಮಾಡಿದ್ದೆ. ಆದರೆ ಹೊಂದಿಸುವ ಮೊದಲು ಸಡಿಲಿಸಿದ್ದ ಹಿಂದಿನ ಆಕ್ಸಲಿನ ಬೋಲ್ಟನ್ನು ಮತ್ತೆ ಪೂರ್ತಿ ಬಿಗಿ ಮಾಡಲು ಮರೆತಿದ್ದೆ. ಡುಲೂತ್‌ನಿಂದ ಗ್ರ್ಯಾಂಡ್ ಮರೇವರೆಗೆ 146 ಮೈಲಿ ಸಾಗುವ ನಾರ್ತ್ ಶೋರ್ ಟ್ರೇಲಿನಲ್ಲಿ, ಒಂಬತ್ತು ವರ್ಷದ ಮಗನನ್ನು ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದಾಗ, ಸಂಜೆಯ ಹೊತ್ತಿಗೆ ಟ್ರ್ಯಾಕ್ ಒಂದು ಬದಿಗೆ ಸರಿದು ಅಂಚು ಹರಿಯತೊಡಗಿತು. ಶೂನ್ಯಕ್ಕಿಂತ 24 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿ, ಫೋನಿಗೆ ಸಿಗ್ನಲ್ ಇಲ್ಲ. ಊರಿನಲ್ಲಿ ಗಾಡಿ ಎಲ್ಲಿ ನಿಂತರೂ ಹತ್ತಿರದ ಬೀದಿಯಲ್ಲೊಬ್ಬ ಮೆಕ್ಯಾನಿಕ್ ಇರುತ್ತಿದ್ದ, "ಸ್ವಲ್ಪ ನೋಡಪ್ಪಾ" ಎಂದರೆ ಸಾಕಿತ್ತು. ಆ ಕಾಡಿನಲ್ಲಿ ನಿಂತು ಮಗನ ಕೈಗಳನ್ನು ನನ್ನ ಜಾಕೆಟ್ಟಿನೊಳಗೆ ಇಟ್ಟುಕೊಂಡಿದ್ದಾಗ, ನಾವು ಬಿಟ್ಟುಬಂದದ್ದೇನೆಂದು ನನಗೆ ಮೊದಲ ಬಾರಿಗೆ ಸ್ಪಷ್ಟವಾಗಿ ತಿಳಿಯಿತು. ಮುಕ್ಕಾಲು ಗಂಟೆಯ ನಂತರ ಆ ದಾರಿಯಲ್ಲಿ ಬಂದ ವೃದ್ಧ ದಂಪತಿ ನಮ್ಮನ್ನು ರಸ್ತೆಯವರೆಗೆ ಎಳೆದು ತಂದರು. ಈಗ ಅವರ ಮನೆಗೆ ಯುಗಾದಿಯ ಒಬ್ಬಟ್ಟು ಪ್ರತಿ ವರ್ಷ ಹೋಗುತ್ತದೆ.

ಉಳಿದ ಕೆಲಸಗಳಲ್ಲಿ ಸ್ಟಿಯರಿಂಗ್ ಮತ್ತು ಸಸ್ಪೆನ್ಷನ್ನಿನ ಬೋಲ್ಟುಗಳು, ಕೂಲೆಂಟ್, ಬ್ರೇಕ್ ಆಯಿಲ್, ಗ್ರೀಸ್ ಹಾಕುವ ಜಾಗಗಳು, ಡ್ರೈವ್ ಬೆಲ್ಟಿನ ಸಡಿಲ, ಸ್ಕೀಗಳ ಜೋಡಣೆ ಇವೆಲ್ಲವನ್ನೂ ಕೈಪಿಡಿ ಮುಂದಿಟ್ಟುಕೊಂಡು ನೋಡಿ. ಎರಡು ವಿಷಯಗಳಲ್ಲಿ ಮಾತ್ರ ರಾಜಿ ಬೇಡ. ಚಳಿಯೆಂದು ಗ್ಯಾರೇಜಿನ ಬಾಗಿಲು ಮುಚ್ಚಿ ಎಂಜಿನ್ ಚಾಲು ಮಾಡಬೇಡಿ, ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯಿಲ್ಲ. ಟ್ರ್ಯಾಕ್ ತಿರುಗುತ್ತಿರುವಾಗ ಅದರ ಹಿಂದೆ ಮಕ್ಕಳು ನಿಲ್ಲದಂತೆ ನೋಡಿಕೊಳ್ಳಿ.

ಇಲ್ಲಿ ಹಿಮ ಬೀಳುವ ಮುನ್ನವೇ ಆಯುಧಪೂಜೆ ಬರುತ್ತದೆ. ಕಳೆದ ವರ್ಷ ಗಾಡಿಯನ್ನು ಒರೆಸಿ ಅರಿಸಿನ-ಕುಂಕುಮ ಹಚ್ಚಿದಾಗ, ಚಕ್ರವಿಲ್ಲದ ಗಾಡಿಗೆ ನಿಂಬೆಹಣ್ಣು ಎಲ್ಲಿಡಬೇಕೆಂದು ಮಗ ಕೇಳಿದ. ಎರಡೂ ಸ್ಕೀಗಳ ಕೆಳಗೆ ಇಟ್ಟೆವು. ಅವನ ಕನ್ನಡ ಈಗ ತೊಡರುತ್ತದೆ, ಮಂತ್ರ ಬಾರದು. ಆದರೆ ಬಿಗಿ ಮಾಡಿದ ಪ್ರತಿ ಬೋಲ್ಟಿನ ಮೇಲೂ, ಅದು ಸಡಿಲಾದರೆ ಕಣ್ಣಿಗೆ ಬೀಳಲೆಂದು, ಬಿಳಿ ಬಣ್ಣದ ಗೆರೆ ಎಳೆಯುವವನು ಅವನೇ, ಮತ್ತು ಹಿಂದಿನ ಆಕ್ಸಲಿನಿಂದಲೇ ಶುರುಮಾಡುತ್ತಾನೆ.