ಮೊದಲು ಜ್ವಾಲಾಮುಖಿ, ಆಮೇಲೆ ಗ್ರ್ಯಾಂಡ್ ಕ್ಯಾನ್ಯನ್

ಅಮೆರಿಕದ ಅರಿಜೋನಾದಲ್ಲಿ ಫೀನಿಕ್ಸ್‌ನಿಂದ ಗ್ರ್ಯಾಂಡ್ ಕ್ಯಾನ್ಯನ್ ಕಂದರಕ್ಕೆ ಹೊರಡುವ ನಮ್ಮವರಲ್ಲಿ ಹೆಚ್ಚಿನವರು ಫ್ಲ್ಯಾಗ್‌ಸ್ಟಾಫ್ ದಾಟಿ ಸೀದಾ ದಕ್ಷಿಣದ ಗೇಟಿಗೆ ಹೋಗುತ್ತಾರೆ. ಕಾರಿನ ಸಾಲಿನಲ್ಲಿ ಕಾದು, ಮೇದರ್ ಪಾಯಿಂಟ್‌ನಲ್ಲಿ ಫೋಟೊ ತೆಗೆದು, ರಾತ್ರಿಯೊಳಗೆ ಮನೆ. ಊರಿಂದ ಅಪ್ಪ, ಅಮ್ಮ ಬಂದಿದ್ದಾಗ ನಾನು ಬೇರೆ ದಾರಿ ಹಿಡಿದೆ. ಹೈವೇ 89ರಲ್ಲಿ ಉತ್ತರಕ್ಕೆ ಹೋಗಿ, ಮೊದಲು ಸನ್‌ಸೆಟ್ ಕ್ರೇಟರ್ ಜ್ವಾಲಾಮುಖಿ ನೋಡಿ, ಕ್ಯಾಮರನ್ ಸುತ್ತಿ ಪೂರ್ವದ ಡೆಸರ್ಟ್ ವ್ಯೂ ಗೇಟಿನಿಂದ ಒಳಗೆ. ಸುತ್ತು ಜಾಸ್ತಿ, ನಿಜ. ಆದರೆ ಈ ಕ್ರಮದಲ್ಲಿ ನೋಡಿದರೇನೇ ಕ್ಯಾನ್ಯನ್ ಎಷ್ಟು ಹಳೆಯದು ಅನ್ನೋದು ತಲೆಗೆ ಹೋಗುತ್ತದೆ.

ಹಿಂದಿನ ರಾತ್ರಿ ಫ್ಲ್ಯಾಗ್‌ಸ್ಟಾಫ್‌ನಲ್ಲೇ ಉಳಿದೆವು. ಫೀನಿಕ್ಸ್ ಸುಮಾರು 1,100 ಅಡಿ ಎತ್ತರದಲ್ಲಿದ್ದರೆ ಫ್ಲ್ಯಾಗ್‌ಸ್ಟಾಫ್ ಸುಮಾರು 7,000 ಅಡಿ. ವಯಸ್ಸಾದವರಿಗೆ ಒಂದು ರಾತ್ರಿ ಅಲ್ಲಿ ನಿದ್ದೆಯಾದರೆ ಮಾರನೇ ದಿನ ಏದುಸಿರು ಕಡಿಮೆ. ಅಕ್ಟೋಬರ್ ಆದರೂ ಬೆಳಿಗ್ಗೆ ಸ್ವೆಟರ್ ಬೇಕೇ ಬೇಕು. ಟ್ಯಾಂಕ್ ಫುಲ್ ಮಾಡಿಸಿಕೊಳ್ಳಿ, ದಕ್ಷಿಣ ಅಂಚಿನಲ್ಲಿರುವ ಕ್ಯಾನ್ಯನ್ ವಿಲೇಜ್ ಒಳಗೆ ಪೆಟ್ರೋಲ್ ಬಂಕ್ ಇಲ್ಲ. ನಾವು ಪುಳಿಯೋಗರೆ, ಚಪಾತಿ, ಚಟ್ನಿಪುಡಿ ಕಟ್ಟಿಕೊಂಡಿದ್ದೆವು. ದಾರಿಯಲ್ಲಿ ಸಸ್ಯಾಹಾರ ಹುಡುಕುತ್ತಾ ಕೂತರೆ ಅರ್ಧ ದಿನ ಹೋಗುತ್ತದೆ.

ಫ್ಲ್ಯಾಗ್‌ಸ್ಟಾಫ್ ಸುತ್ತಮುತ್ತ ಸುಮಾರು 600 ಜ್ವಾಲಾಮುಖಿಗಳಿವೆ. ಕಾಡು ಬೆಳೆದು ಗುಡ್ಡದ ಹಾಗೆ ಕಾಣುತ್ತವೆ ಅಷ್ಟೆ. ಅವುಗಳಲ್ಲಿ ತೀರಾ ಎಳೆಯದು ಸನ್‌ಸೆಟ್ ಕ್ರೇಟರ್. ಕ್ರಿ.ಶ. 1085ರ ಆಸುಪಾಸಿನಲ್ಲಿ ಸಿಡಿದದ್ದು. ಸುಮಾರು 1,000 ಅಡಿ ಎತ್ತರದ ಕರಿ ಗುಡ್ಡ, ತುದಿಯಲ್ಲಿ ಮಾತ್ರ ಕೆಂಪು. ಅಲ್ಲಿನ ಕಬ್ಬಿಣದ ಅಂಶ ತುಕ್ಕು ಹಿಡಿದ ಬಣ್ಣ ಅದು. 1928ರಲ್ಲಿ ಒಂದು ಸಿನಿಮಾ ಕಂಪನಿ ಗುಡ್ಡ ಕುಸಿಯುವ ದೃಶ್ಯಕ್ಕಾಗಿ ಇದಕ್ಕೆ ಸಿಡಿಮದ್ದು ಇಡಲು ಹೊರಟಿತ್ತಂತೆ. ಸುತ್ತಲಿನ ಜನ ಗಲಾಟೆ ಮಾಡಿದರು. 1930ರಲ್ಲಿ ಅಧ್ಯಕ್ಷ ಹೂವರ್ ಇದನ್ನು ರಾಷ್ಟ್ರೀಯ ಸ್ಮಾರಕ ಅಂತ ಘೋಷಿಸಿದರು. ಸಿನಿಮಾದವರು ಎಲ್ಲಾ ಕಡೆ ಒಂದೇ, ಅಲ್ವಾ?

ಗುಡ್ಡ ಹತ್ತಲು 1973ರಿಂದ ಬಿಡುವುದಿಲ್ಲ. ಜನ ಹತ್ತಿ ಹತ್ತಿ ಇಳಿಜಾರಿನಲ್ಲಿ ಆಳವಾದ ಗೀರು ಬಿದ್ದಿತ್ತು. ಕೆಳಗೆ ಲಾವಾ ಫ್ಲೋ ಟ್ರೇಲ್ ಇದೆ, ಅದರಲ್ಲಿ ನಡೆದೆವು. ಕಾಲಡಿ ಸಣ್ಣ ಸಣ್ಣ ಕರಿ ಹರಳು, ಪ್ರತಿ ಹೆಜ್ಜೆಗೂ ಸರಕ್ ಸರಕ್ ಅನ್ನುತ್ತದೆ. ಒಂದನ್ನು ಎತ್ತಿ ಅಪ್ಪನ ಕೈಯಲ್ಲಿಟ್ಟೆ. ತೂತು ತೂತು, ತೂಕವೇ ಇಲ್ಲ. "ಭದ್ರಾವತಿಲಿ ಕಾರ್ಖಾನೆ ಹಿಂದೆ ಕಿಟ್ಟ ಸುರೀತಿದ್ರಲ್ಲ, ಹಂಗೇ ಇದೆ ಕಣೋ" ಅಂದರು. ಪಕ್ಕದಲ್ಲಿ ಹೆಪ್ಪುಗಟ್ಟಿದ ಲಾವಾ, ನೇಗಿಲು ಹೊಡೆದು ಹಾಗೇ ಬಿಟ್ಟ ಎರೆ ಹೊಲದ ಹಾಗೆ. ಅಂಚು ಬ್ಲೇಡಿನಷ್ಟು ಚೂಪು. ಚಪ್ಪಲಿ ಬೇಡ, ಶೂ ಹಾಕಿ. ಹರಳು ಜೇಬಿಗೆ ಹಾಕಿಕೊಳ್ಳುವಂತಿಲ್ಲ. ಈ ಕರಿ ನೆಲ ಚಂದ್ರನ ಹಾಗಿದೆ ಅಂತಲೇ 1967ರಲ್ಲಿ ಹತ್ತಿರದ ಸಿಂಡರ್ ಲೇಕ್ ಎಂಬ ಕರಿ ಹರಳಿನ ಬಯಲಿನಲ್ಲಿ ಸಿಡಿಮದ್ದಿನಿಂದ ಗುಂಡಿ ತೋಡಿ ಅಪೊಲೊ ಗಗನಯಾತ್ರಿಗಳಿಗೆ ತರಬೇತಿ ಕೊಟ್ಟರು.

ಅದೇ ಟಿಕೆಟ್‌ನಲ್ಲಿ ವುಪಟ್ಕಿ ಎಂಬ ಹಳೆಯ ಕಲ್ಲುಮನೆಗಳ ಜಾಗವನ್ನೂ ನೋಡಬಹುದು. ಸುಮಾರು 35 ಮೈಲಿಯ ಒಳರಸ್ತೆ ಎರಡನ್ನೂ ಸೇರಿಸಿ ಮತ್ತೆ 89ಕ್ಕೆ ಬಿಡುತ್ತದೆ. ಪೈನ್ ಕಾಡು ಮುಗಿದು ಬೋಳು ಕೆಂಪು ನೆಲ ಬರುತ್ತದೆ. ಅದರ ನಡುವೆ ಸುಮಾರು 100 ಕೋಣೆಗಳ ಕಲ್ಲಿನ ಮನೆ, 1250ರ ಹೊತ್ತಿಗೆ ಜನ ಬಿಟ್ಟು ಹೋದದ್ದು. ಅಮ್ಮನಿಗೆ ಹಿಡಿಸಿದ್ದು ಮನೆಯಲ್ಲ, ಅದರ ಪಕ್ಕ ನೆಲದಲ್ಲಿರುವ ತೂತು. ಕೆಳಗೆ ಬಂಡೆಯ ಬಿರುಕುಗಳಲ್ಲಿ ತುಂಬಿರುವ ಗಾಳಿ, ಹೊರಗಿನ ಒತ್ತಡಕ್ಕೆ ತಕ್ಕಂತೆ ಒಳಗೆ ಹೋಗುತ್ತದೆ, ಹೊರಗೆ ಬರುತ್ತದೆ. ನಾವು ಹೋದಾಗ ಹೊರಗೆ ಬರುತ್ತಿತ್ತು. ಅಮ್ಮ ಬಗ್ಗಿದ ಕೂಡಲೇ ಸೆರಗು ಮೇಲಕ್ಕೆದ್ದಿತು. ತಣ್ಣನೆ ಗಾಳಿ. ಅಲ್ಲಿಂದ ಅವರನ್ನು ಎಬ್ಬಿಸುವಷ್ಟರಲ್ಲಿ ಸಾಕಾಯಿತು.

ಕ್ಯಾಮರನ್‌ನಲ್ಲಿ ಎಡಕ್ಕೆ ತಿರುಗಿ 64ನೇ ರಸ್ತೆ ಹತ್ತಿದೆವು. ದಾರಿಯಲ್ಲಿ ಲಿಟಲ್ ಕೊಲೊರಾಡೊ ನದಿಯ ಕಂದರ ಸಿಗುತ್ತದೆ, ಇಲ್ಲಿನ ಮೂಲನಿವಾಸಿಗಳಾದ ನವಾಹೊ ಜನ ಬೆಳ್ಳಿ ಒಡವೆ ಮಾರುತ್ತಿರುತ್ತಾರೆ. ಡೆಸರ್ಟ್ ವ್ಯೂನಲ್ಲಿ ಮೇರಿ ಕೋಲ್ಟರ್ ವಿನ್ಯಾಸ ಮಾಡಿದ 1932ರ ಕಲ್ಲಿನ ಗೋಪುರವಿದೆ. ಇಲ್ಲಿ ಜನ ಕಡಿಮೆ, ಕೊಲೊರಾಡೊ ನದಿ ಚೆನ್ನಾಗಿ ಕಾಣುತ್ತದೆ. ದೂರದ ಶಿಖರ ತೋರಿಸಿ, ಅದರ ಹೆಸರು ವಿಷ್ಣು ಟೆಂಪಲ್ ಅಂದೆ. "ವಿಷ್ಣು ಇಲ್ಲಿಗೆ ಯಾವಾಗ ಬಂದ್ನಪ್ಪಾ?" ಅಂದರು ಅಮ್ಮ. 19ನೇ ಶತಮಾನದಲ್ಲಿ ಕ್ಲಾರೆನ್ಸ್ ಡಟನ್ ಎಂಬ ಭೂವಿಜ್ಞಾನಿ ಇಲ್ಲಿನ ಶಿಖರಗಳಿಗೆ ಪೂರ್ವದೇಶದ ದೇವರ ಹೆಸರಿಡುವ ರೂಢಿ ಶುರುಮಾಡಿದ. ಬ್ರಹ್ಮ, ಶಿವ, ರಾಮ, ಕೃಷ್ಣ ಎಲ್ಲರೂ ಇದ್ದಾರೆ. ಅಮ್ಮ ಕೈ ಮುಗಿದೇಬಿಟ್ಟರು.

ಅಲ್ಲಿಂದ ವಿಲೇಜ್‌ಗೆ ಸುಮಾರು 25 ಮೈಲಿ. ಕತ್ತಲಾಗುವ ಮುಂಚೆ ಸೇರಿಕೊಳ್ಳಿ, ಸಂಜೆ ಹೊತ್ತು ಎಲ್ಕ್ ಎಂಬ ದೈತ್ಯ ಜಿಂಕೆಗಳು ರಸ್ತೆಗೇ ಬರುತ್ತವೆ.

ಮಾರನೇ ಬೆಳಿಗ್ಗೆ ಮಾಡಿದ್ದು ಒಂದೇ ಕೆಲಸ, ಟ್ರೇಲ್ ಆಫ್ ಟೈಮ್. ಯಾವಪೈ ಮ್ಯೂಸಿಯಂ ಬಳಿ ಶುರುವಾಗುವ ಸಮತಟ್ಟಾದ ಹಾದಿ, ಮಂಡಿನೋವಿನವರಿಗೂ ಸಲೀಸು. ಸುಸ್ತಾದರೆ ವಾಪಸು ಬರಲು ಉಚಿತ ಬಸ್ ಇದೆ. ಶುರುವಿನ ಗೆರೆ ಅಂದರೆ ಇವತ್ತು, ಅಲ್ಲಿಂದ ಒಂದು ಮೀಟರ್ ನಡೆದರೆ 10 ಲಕ್ಷ ವರ್ಷ ಹಿಂದಕ್ಕೆ. ಪ್ರತಿ 10 ಮೀಟರಿಗೆ ನೆಲದಲ್ಲಿ ಕಂಚಿನ ಗುರುತು. ಕ್ಯಾನ್ಯನ್‌ನ ಒಂದೊಂದು ಪದರದಿಂದ ತಂದ ಕಲ್ಲನ್ನು ಅದರ ವಯಸ್ಸಿಗೆ ಸರಿಯಾದ ಜಾಗದಲ್ಲಿ ನಿಲ್ಲಿಸಿದ್ದಾರೆ. ಒಂದು ಮುಖ ನುಣುಪು, ಇನ್ನೊಂದು ಹಾಗೇ ಒರಟು, ಮುಟ್ಟಿ ನೋಡಬಹುದು. ನದಿ ಈ ಕಂದರ ಕೊರೆದದ್ದು ಐದಾರು ಮೀಟರಿನಲ್ಲೇ ಮುಗಿದುಹೋಗುತ್ತದೆ. ನಾವು ನಿಂತ ಅಂಚಿನ ಸುಣ್ಣಕಲ್ಲು 270 ಮೀಟರ್ ದೂರದಲ್ಲಿ, ಅಂದರೆ 27 ಕೋಟಿ ವರ್ಷ. ತಳದ ವಿಷ್ಣು ಶಿಸ್ಟ್ ಎಂಬ ಕಪ್ಪು ಕಲ್ಲು ಸಿಗಬೇಕಾದರೆ ಒಂದೂ ಮುಕ್ಕಾಲು ಕಿಲೋಮೀಟರ್ ನಡೆಯಬೇಕು.

"ಹಂಗಾದ್ರೆ ನಿನ್ನೆಯ ಕಿಟ್ಟ?" ಅಪ್ಪ ಕೇಳಿದರು. ಲೆಕ್ಕ ಹಾಕಿದೆವು. ಸಾವಿರ ವರ್ಷಕ್ಕೆ ಒಂದು ಮಿಲಿಮೀಟರ್. ಸನ್‌ಸೆಟ್ ಕ್ರೇಟರ್ ಅಷ್ಟೂ ಆಗುವುದಿಲ್ಲ. ಅಪ್ಪ ಬಗ್ಗಿ ಶುರುವಿನ ಗೆರೆಯ ಮೇಲೆ ಉಗುರಿಟ್ಟು ನೋಡಿದರು. ಹಿಂದಿನ ದಿನ ಆ ಗುಡ್ಡ ಕೈಯಾರೆ ಮುಟ್ಟಿರದಿದ್ದರೆ ಈ ಲೆಕ್ಕ ಸುಮ್ನೆ ಒಂದು ಬೋರ್ಡಿನ ಮೇಲಿನ ಅಂಕಿಯಾಗಿ ಉಳಿಯುತ್ತಿತ್ತು.

ಇನ್ನೊಂದು ದಿನ ಇದ್ದರೆ ಪೇಜ್ ಎಂಬ ಊರಿಗೆ ಹೋಗಿ. ನದಿ ಕುದುರೆ ಲಾಳದ ಹಾಗೆ ತಿರುಗುವ ಹಾರ್ಸ್‌ಶೂ ಬೆಂಡ್‌ಗೆ ಬಿಸಿಲೇರುವ ಮುಂಚೆ ನಡೆಯಿರಿ. ಆಂಟಲೋಪ್ ಕ್ಯಾನ್ಯನ್ ಒಳಗೆ ನವಾಹೊ ಗೈಡ್ ಇಲ್ಲದೆ ಬಿಡುವುದಿಲ್ಲ, ಮೊದಲೇ ಬುಕ್ ಮಾಡಿ. ಬೇಸಿಗೆಯಲ್ಲಿ ಅಮೆರಿಕದ ಬಹುತೇಕ ಕಡೆ ಹಾಕುವ ಹಾಗೆ ಅರಿಜೋನಾದಲ್ಲಿ ಗಡಿಯಾರ ಮುಂದಕ್ಕೆ ಹಾಕುವುದಿಲ್ಲ, ನವಾಹೊ ಸೀಮೆಯಲ್ಲಿ ಹಾಕುತ್ತಾರೆ. ಹಾಗಾಗಿ ದಾರಿಯಲ್ಲಿ ಫೋನಿನ ಗಡಿಯಾರ ತಾನೇ ಒಂದು ಗಂಟೆ ಹಿಂದೆ ಮುಂದೆ ಓಡುತ್ತದೆ. ಟೂರ್ ಯಾವ ಟೈಮಿಗೆ ಅಂತ ಬುಕ್ ಮಾಡುವಾಗಲೇ ಕೇಳಿಕೊಂಡು, ಕೈಗಡಿಯಾರ ಕಟ್ಟಿಕೊಂಡು ಹೊರಡಿ.