ಹಾರ ಕಟ್ಟುವಾಗ ಎಲೆಯ ಮಾತು ಕೇಳಿ

ಬೇರೆ ಬೇರೆ ನಾಡಿನ ಹಾರಗಳನ್ನು ಚಿತ್ರ ನೋಡಿಕೊಂಡು ಕಟ್ಟುವುದು ನನಗೆ ತುಂಬಾ ಇಷ್ಟದ ಕೆಲಸ. ಕಟ್ಟುತ್ತಾ ಹೋದಂತೆ ಒಂದು ವಿಷಯ ಮನಸ್ಸಿನಲ್ಲಿ ಗಟ್ಟಿಯಾಯಿತು. ಎಲೆ ಎಷ್ಟು ಬಾಗುತ್ತದೆ, ತೊಟ್ಟು ಎಷ್ಟುದ್ದ ಇದೆ, ಎಷ್ಟು ಹೊತ್ತು ಬಾಡದೆ ಇರುತ್ತದೆ ಅಂತ ಮೊದಲು ನೋಡಬೇಕು. ಹೇಗೆ ಕಟ್ಟಬೇಕು ಅನ್ನೋದು ಆಮೇಲೆ ತಾನಾಗಿಯೇ ಹೊಳೆಯುತ್ತದೆ.

ನನಗೆ ಜಾಸ್ತಿ ಹಿಡಿಸಿದ್ದು ಈಜಿಪ್ಟಿನ ಹಾರ. 1922ರಲ್ಲಿ ಪತ್ತೆಯಾದ ತುತಾಂಖಾಮುನ್ ರಾಜನ ಸಮಾಧಿಯಲ್ಲಿ ಚಿನ್ನದ ಜೊತೆ ಹೂವಿನ ಹಾರಗಳೂ ಸಿಕ್ಕವು. ಮೂರು ಸಾವಿರ ವರ್ಷ ದಾಟಿದ್ದರೂ ಆಲಿವ್ ಎಲೆಗಳನ್ನು ಗುರುತಿಸಬಹುದಿತ್ತು. ಒಂದು ಎಲೆಯ ಮೇಲ್ಮೈ ಹೊರಗೆ, ಅದರ ಪಕ್ಕದ್ದರ ಬೆನ್ನು ಹೊರಗೆ. ಹಸಿರು, ಬೆಳ್ಳಿ, ಮತ್ತೆ ಹಸಿರು, ಮತ್ತೆ ಬೆಳ್ಳಿ. ಬರೀ ಎಲೆಯಲ್ಲೇ ಎಂಥ ಸೊಗಸು!

ಬೆನ್ನು ಬೆಳ್ಳಗಿರುವ ಬೇರೊಂದು ಎಲೆಯಲ್ಲಿ ನಾನು ಇದನ್ನು ಕಟ್ಟಿದೆ. ಬೆರಳಗಲದ ನಾರಿನ ಪಟ್ಟಿ ತೆಗೆದುಕೊಂಡು, ಅದರ ಮೇಲೆ ಎಲೆ ಮಡಚಿ, ಕೆಳಗೆ ಎರಡೂ ಪದರ ಸೇರಿಸಿ ಹೊಲಿದೆ. ಮುಂದಿನ ಎಲೆ ಹಿಂದಿನದರ ಅಂಚನ್ನು ಮುಚ್ಚಬೇಕು. ಆಗ ತಾನೇ ಕಿತ್ತ ಎಲೆ ಮಡಚಿದರೆ ಸೀಳುತ್ತದೆ. ಒಂದು ರಾತ್ರಿ ಬಿಟ್ಟು, ಸ್ವಲ್ಪ ಮೆತ್ತಗಾದ ಮೇಲೆ ಮಡಚಿದರೆ ಹೇಳಿದ ಹಾಗೆ ಕೇಳುತ್ತದೆ.

ಹವಾಯಿಯ ಲೇ ಹಾರಗಳಲ್ಲಿ ಕಟ್ಟುವ ಬಗೆಗೊಂದು ಹೆಸರಿದೆ. ಸೂಜಿಯಲ್ಲಿ ಪೋಣಿಸಿದರೆ ಕುಯಿ, ಜಡೆಯಂತೆ ಹೆಣೆದರೆ ಹಿಲಿ, ನಾರು ಸುತ್ತುತ್ತಾ ಕಟ್ಟಿದರೆ ವಿಲಿ. ಜರೀಗಿಡದ ಉದ್ದ ಎಲೆಗೆ ಹಿಲಿ ಚೆನ್ನ, ಗಿಡ್ಡ ತೊಟ್ಟಿನ ಹೂಗಳಿಗೆ ಕುಯಿಯೇ ಸರಿ. ಮೈಲೆ ಬಳ್ಳಿಯ ಹಾರದ ತುದಿಗಳನ್ನು ಅವರು ಜೋಡಿಸುವುದೇ ಇಲ್ಲ. ಕಡ್ಡಿಯ ಒಳಗಿನ ಗಟ್ಟಿ ಭಾಗವನ್ನು ಎಳೆದು ತೆಗೆದು, ಎಲೆ ಸಮೇತ ಸಿಪ್ಪೆಯನ್ನು ಹೊಸೆದು, ಹೆಗಲಿಂದ ಇಳಿಬಿಡುತ್ತಾರೆ.

ಎಕ್ಕದ ಹೂ ಹವಾಯಿಯಲ್ಲೂ ಹಾರವಾಗುತ್ತದೆ. ಅಲ್ಲಿನ ಕೊನೆಯ ರಾಣಿ ಲಿಲಿಯುವೊಕಲಾನಿಗೆ ಇದು ಅಚ್ಚುಮೆಚ್ಚಿನದಾಗಿತ್ತು. ಥಾಯ್ಲೆಂಡಿನ ಫುಆಂಗ್ ಮಾಲೈ ಹಾರದಲ್ಲೂ ಮಲ್ಲಿಗೆ ಮೊಗ್ಗಿನ ಜೊತೆ ಎಕ್ಕ ಇರುತ್ತದೆ. ಎಸಳು ಮೇಣದಂತೆ ದಪ್ಪ, ಬೇಗ ಬಾಡಲ್ಲ, ಅದಕ್ಕೇ ಅಲ್ವಾ ಇಷ್ಟು ಬೇಡಿಕೆ. ಆದರೆ ಎಕ್ಕದ ಹಾಲು ಕಣ್ಣಿಗೆ ತಾಗಲೇಬಾರದು, ಕಣ್ಣು ಮಂಜಾಗುವಷ್ಟು ಕೆಡುತ್ತದೆ. ಪೋಣಿಸಿದ ಕೂಡಲೇ ಕೈ ತೊಳೆದುಕೊಳ್ಳಿ. ಥಾಯ್ ಹಾರಕ್ಕೆ ಗೇಣಿಗಿಂತ ಉದ್ದದ ಸೂಜಿ ಬೇಕು. ಸೂಜಿಗೆ ತುಸು ವ್ಯಾಸಲೀನ್ ಸವರಿದರೆ ಮೊಗ್ಗುಗಳು ಹರಿಯದೆ ದಾರಕ್ಕೆ ಜಾರುತ್ತವೆ.

ಪ್ರಾಚೀನ ಗ್ರೀಸಿನಲ್ಲಿ ಒಲಿಂಪಿಯಾದ ಕ್ರೀಡೆಗಳ ಗೆಲುವಿಗೆ ಕಾಡು ಆಲಿವ್, ಡೆಲ್ಫಿಯ ಕ್ರೀಡೆಗಳ ಗೆಲುವಿಗೆ ಲಾರೆಲ್ ಕಿರೀಟ ತೊಡಿಸುತ್ತಿದ್ದರು. ಎರಡೂ ಬಿಗಿ ಎಲೆಯ ಕೊಂಬೆಗಳು, ಬಾಗಿಸಿ ಕಟ್ಟಿದರೆ ಸಾಕು.

ಸ್ವೀಡನ್ನಿನ ಮಿಡ್‌ಸಮ್ಮರ್ ಹಬ್ಬದ ತಲೆದಂಡೆಗೆ ಮಾತ್ರ ತಾಳ್ಮೆ ಬೇಕು. ಅಲ್ಲಿ ಬರ್ಚ್ ಮರದ ಎಳೆ ಕಡ್ಡಿಗಳನ್ನು ಬಳೆಯಾಗಿ ಬಾಗಿಸುತ್ತಾರೆ. ಬಳೆ ತಲೆಗಿಂತ ಕೊಂಚ ದೊಡ್ಡದಿರಲಿ, ಹೂ ಸುತ್ತಿದಂತೆ ಒಳಗೂ ಜಾಗ ತುಂಬುತ್ತದೆ. ಮೂರು ನಾಲ್ಕು ಹೂಗಳ ಪುಟ್ಟ ಗೊಂಚಲು ಮಾಡಿ, ಎಲ್ಲವನ್ನೂ ಒಂದೇ ದಿಕ್ಕಿಗೆ ಇಡಿ. ಪ್ರತಿ ಗೊಂಚಲೂ ಹಿಂದಿನದರ ತೊಟ್ಟನ್ನು ಮುಚ್ಚಬೇಕು. ಕೊನೆಯದನ್ನು ಕಟ್ಟುವಾಗ ಮೊದಲ ಗೊಂಚಲಿನ ಹೂಗಳನ್ನು ಮೆಲ್ಲಗೆ ಎತ್ತಿ, ಅದರಡಿಗೆ ತೊಟ್ಟು ತೂರಿಸಿ ದಾರ ಬಿಗಿಯಿರಿ. ಆಗ ಜೋಡಿಸಿದ ಜಾಗ ಕಾಣುವುದೇ ಇಲ್ಲ.